ಲಿಂಗನಮಕ್ಕಿಯ ತಳದಲ್ಲಿ ಒಂದು ಹಗಲು

ಶಿವಮೊಗ್ಗ ಜಿಲ್ಲೆಯ ಪತ್ರಿಕಾ ಓದುಗರಿಗೆ ಒಂದು ಹಳೆಯ ಅಭ್ಯಾಸವಿದೆ. ಅಡಿಕೆ ಧಾರಣೆ ನೋಡಿದ ಮೇಲೆ ಅವರ ಕಣ್ಣು ಜಲಾಶಯದ ಮಟ್ಟ ಅಚ್ಚಾಗುವ ಮೂಲೆಗೆ ಹೋಗುತ್ತದೆ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು. ಮಳೆಗಾಲದಲ್ಲಿ ಈ ಅಂಕಿ ಏರುವುದನ್ನು ನೋಡಿ ಜೋಗಕ್ಕೆ ಹೋಗುವ ದಿನ ಗೊತ್ತುಮಾಡುವವರಿದ್ದಾರೆ. ಅದು ಇಳಿಯುವುದನ್ನು ಕಾದು ಹೊರಡುವವರೂ ಇದ್ದಾರೆ, ಸಂಖ್ಯೆಯಲ್ಲಿ ಕಡಿಮೆ. ಅವರು ಹೋಗುವುದು ಜಲಾಶಯದ ತಳಕ್ಕೆ.

ಏಪ್ರಿಲ್ ಕಳೆದು ಮೇ ಬರುವ ಹೊತ್ತಿಗೆ ಶರಾವತಿಯ ಹಿನ್ನೀರು ಹಿಂದೆ ಸರಿದು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನಡುವೆ ಒಂದು ವಿಚಿತ್ರ ಪ್ರದೇಶ ಬಯಲಾಗುತ್ತದೆ. ಮೇಲೆ ದಿಗಂತದ ಉದ್ದಕ್ಕೂ ದಟ್ಟ ಹಸಿರು ಕಾಡು. ಅದರ ಕೆಳಗೆ, ಗೆರೆ ಎಳೆದು ಕತ್ತರಿಸಿದ ಹಾಗೆ, ಒಂದು ಹುಲ್ಲೆಸಳೂ ಇಲ್ಲದ ಕೆಂಪು ಇಳಿಜಾರು. ಜಂಬಿಟ್ಟಿಗೆಯ ಕಲ್ಲು, ಗರಸು, ಒಡೆದ ಹೂಳು, ಕಪ್ಪಗಾದ ಮರದ ಬೊಡ್ಡೆಗಳು. ಕೊರಕಲುಗಳ ನಡುವೆ ನಿಂತರೆ ಮರುಭೂಮಿಯ ಕಣಿವೆಯೊಂದರಲ್ಲಿ ನಿಂತ ಭಾಸವಾಗುತ್ತದೆ. ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳ ಪಕ್ಕದಲ್ಲಿ ಇಂತಹ ಒಣ ಭೂಮಿ ಹೇಗೆ ಹುಟ್ಟಿತು ಎಂಬುದಕ್ಕೆ ಉತ್ತರ ಸರಳ. ವರ್ಷದಲ್ಲಿ ಹಲವು ತಿಂಗಳು ನೀರಿನಡಿ ಇರುವ ನೆಲದಲ್ಲಿ ಕಾಡಿನ ಗಿಡ ಬದುಕುವುದಿಲ್ಲ. ಉಳಿದ ತಿಂಗಳು ಉರಿಬಿಸಿಲಿಗೆ ಒಡ್ಡಿಕೊಳ್ಳುವಲ್ಲಿ ನೀರಿನ ಗಿಡವೂ ಉಳಿಯುವುದಿಲ್ಲ. ಏರಿಳಿಯುವ ಅಲೆ ಮೇಲ್ಮಣ್ಣನ್ನು ವರ್ಷ ವರ್ಷವೂ ತೊಳೆದು ತಗ್ಗಿಗೆ ಒಯ್ಯುತ್ತದೆ. ಹೀಗೆ ಅರವತ್ತು ವರ್ಷ ಕಳೆದರೆ ಮಲೆನಾಡಿನ ನಡುವೆಯೂ ಒಂದು ಮರುಭೂಮಿ ಸಿದ್ಧವಾಗುತ್ತದೆ.

ಈ ನೆಲದಲ್ಲಿ ಒಂದು ದಿನದ ನಡಿಗೆ ಹಾಕಿಕೊಳ್ಳಬೇಕೆಂದರೆ ಸಿದ್ಧತೆ ಬೇಕು. ಬೆಟ್ಟ ಹತ್ತಿ ಅಭ್ಯಾಸವಿದ್ದವರು ಇಲ್ಲಿ ಮೋಸ ಹೋಗುವುದೇ ಹೆಚ್ಚು. ಕೊಡಚಾದ್ರಿಗೆ ಹೊರಟವನು ತಂಪು ಹೊತ್ತಿನಲ್ಲಿ ಏರುತ್ತಾನೆ, ದಣಿದ ಮೇಲೆ ಇಳಿಯುತ್ತಾನೆ. ಕಣಿವೆಯಲ್ಲಿ ಲೆಕ್ಕ ತಿರುಗುಮುರುಗು. ಬೆಳಗಿನ ಉತ್ಸಾಹದಲ್ಲಿ ಇಳಿಜಾರು ಸಲೀಸಾಗಿ ಸಾಗುತ್ತದೆ, ಏರಬೇಕಾದದ್ದು ನಡು ಮಧ್ಯಾಹ್ನದ ಬಿಸಿಲಿನಲ್ಲಿ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಸುಮಾರು ಒಂದು ಮೈಲಿ ಆಳದಲ್ಲಿ ಹರಿಯುವ ಕೊಲರಾಡೊ ನದಿಗೆ ಇಳಿದು ಅದೇ ದಿನ ಮೇಲೆ ಬರುವ ಸಾಹಸ ಮಾಡಬೇಡಿ ಎಂದು ಅಲ್ಲಿನ ಉದ್ಯಾನದವರು ಪ್ರವಾಸಿಗರನ್ನು ಎಚ್ಚರಿಸುತ್ತಲೇ ಇರುವುದು ಈ ಕಾರಣಕ್ಕೇ. ಲಿಂಗನಮಕ್ಕಿಯ ಆಳ ಅದರ ಮುಂದೆ ಏನೂ ಅಲ್ಲ. ಪೂರ್ಣ ಮಟ್ಟ 1819 ಅಡಿಯಾದರೆ ವಿದ್ಯುತ್ತಿಗಾಗಿ ನೀರು ಬಳಸಬಹುದಾದ ಕನಿಷ್ಠ ಮಟ್ಟ 1715 ಅಡಿ. ನಡುವಿನ ಅಂತರ 104 ಅಡಿ ಮಾತ್ರ. ಆದರೆ ಈ ನೂರ ನಾಲ್ಕು ಅಡಿ ನೇರ ಗೋಡೆಯಲ್ಲ. ಇಲ್ಲಿಯ ಕಣಿವೆ ಅಗಲ ಬಾಯಿಯದು, ತುಂಬಿದಾಗ ನೀರು ಹರಡುವುದು ಸುಮಾರು 300 ಚದರ ಕಿಲೋಮೀಟರ್. ಆದ್ದರಿಂದ ಮಟ್ಟ ಒಂದಡಿ ಇಳಿದರೆ ಸಾಕು, ಅನೇಕ ಕಡೆ ದಡ ನೂರಾರು ಮಾರು ಹಿಂದೆ ಹೋಗುತ್ತದೆ. ನಿನ್ನೆ ದಾಟಲಾಗದಿದ್ದ ಹಳ್ಳ ಇನ್ನೊಂದು ವಾರಕ್ಕೆ ಒಣಗಿರುತ್ತದೆ. ಎದುರಿಗೆ ಕೂಗಳತೆಯಲ್ಲಿ ಕಾಣುವ ದಿಣ್ಣೆಗೆ ಹೋಗಲು, ಬೆರಳಿನಂತೆ ಒಳಸರಿದ ನೀರಿನ ಚಾಚನ್ನು ಸುತ್ತಿ ಒಂದು ಗಂಟೆ ನಡೆಯಬೇಕಾಗಿ ಬರುವುದೂ ಉಂಟು. ಪತ್ರಿಕೆಯ ಅಂಕಿ ನೋಡದೆ ಹೊರಡಬಾರದು ಎನ್ನುವುದು ಇದಕ್ಕಾಗಿ.

ನಡಿಗೆಗೆ ಒಂದು ಗುರಿ ಬೇಕಷ್ಟೆ. ನೀರು ತೀರ ಇಳಿದ ವರ್ಷಗಳಲ್ಲಿ ಆ ಗುರಿ ಮಡೆನೂರು. ದಾಖಲೆಗಳಲ್ಲಿ ಅದರ ಹೆಸರು ಹಿರೇಭಾಸ್ಕರ ಅಣೆಕಟ್ಟು. ಒಂದು ಅಣೆಕಟ್ಟಿನ ಹೊಟ್ಟೆಯೊಳಗೆ ಇನ್ನೊಂದು ಅಣೆಕಟ್ಟು ಇದೆ ಎಂದರೆ ಹೊಸಬರು ನಂಬುವುದಿಲ್ಲ. ಕೆಸರು ಬಣ್ಣದ ಬಯಲಿನ ನಡುವೆ ನೂರಡಿಗೂ ಮಿಕ್ಕಿದ ಎತ್ತರದ ಕಲ್ಲುಗಾರೆಯ ಗೋಡೆ ಎದುರಾದಾಗ ನಂಬಲೇಬೇಕಾಗುತ್ತದೆ. ಅದರ ಕಥೆ ತುಸು ಹಿಂದಿನಿಂದ ಶುರುವಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮ ಬಾಣ ಹೂಡಿದಲ್ಲಿ ನೀರು ಚಿಮ್ಮಿತಂತೆ, ಆ ಶರದಿಂದ ಶರಾವತಿ. ಅಲ್ಲಿಂದ ಹೊನ್ನಾವರದ ಕಡಲಿನವರೆಗೆ ನದಿಯ ಹಾದಿ ಸುಮಾರು 128 ಕಿಲೋಮೀಟರ್. ಇಷ್ಟು ಚಿಕ್ಕ ನದಿ ಜೋಗದಲ್ಲಿ 830 ಅಡಿ ಒಂದೇ ನೆಗೆತಕ್ಕೆ ಬೀಳುತ್ತದೆ. ಈ ಎತ್ತರ ಅಂದಾಜಿನದಲ್ಲ. 1856ರಲ್ಲಿ ಇಬ್ಬರು ನೌಕಾಪಡೆಯ ಅಧಿಕಾರಿಗಳು ಬಂದು ಕಮರಿಯೊಳಗೆ ಗುಂಡುದಾರ ಬಿಟ್ಟು ಅಳೆದದ್ದು. ಜೋಗವನ್ನು ನೋಡಿ ವಿಶ್ವೇಶ್ವರಯ್ಯನವರು ಎಂಥ ನಷ್ಟ ಎಂದು ಉದ್ಗರಿಸಿದರೆಂಬ ಮಾತು ಶಾಲೆಯ ಮಕ್ಕಳ ಬಾಯಲ್ಲೂ ಇದೆ. ನಿಜವೋ ಕಟ್ಟುಕಥೆಯೋ, ಮೈಸೂರಿನ ಎಂಜಿನಿಯರುಗಳ ಮನಸ್ಸಿನಲ್ಲಿದ್ದುದನ್ನು ಅದು ಸರಿಯಾಗಿಯೇ ಹೇಳುತ್ತದೆ. ತೊಡಕು ಇದ್ದದ್ದು ಬೇರೆ ಕಡೆ. ಆಗ ಜೋಗದ ಒಂದು ದಡ ಮೈಸೂರಿನದು, ಇನ್ನೊಂದು ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡದ್ದು. ಅದಕ್ಕಿಂತ ದೊಡ್ಡ ತೊಡಕು ನದಿಯ ಸ್ವಭಾವ. ಮಳೆಗಾಲದಲ್ಲಿ ಅಬ್ಬರಿಸಿ ಬೇಸಿಗೆಯಲ್ಲಿ ಎಳೆಯಾಗುವ ನೀರನ್ನು ನಂಬಿ ಯಂತ್ರ ತಿರುಗಿಸುವುದು ಹೇಗೆ? ಮೇಲೆಲ್ಲಾದರೂ ಹಿಡಿದಿಟ್ಟು, ವರ್ಷವಿಡೀ ಒಂದೇ ಸಮ ಬಿಡಬೇಕು. ಅದಕ್ಕಾಗಿ ಕಟ್ಟಿದ್ದು ಹಿರೇಭಾಸ್ಕರ.

1939ರಲ್ಲಿ ಯೋಜನೆಯ ಕೆಲಸ ಶುರುವಾಯಿತು. ಅದೇ ವರ್ಷ ಮಹಾಯುದ್ಧವೂ ಶುರುವಾಗಿ ಯಂತ್ರ ಸಾಮಗ್ರಿ ತರುವುದೇ ಕಷ್ಟವಾಯಿತು. ಕೊನೆಗೆ 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುತ್ ಹುಟ್ಟಿತು. ಮುಂದೆ ಅದು 120 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದು ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂದು ಹೆಸರಾಯಿತು. ಹಿರೇಭಾಸ್ಕರದಲ್ಲಿ ನಿಂತ ನೀರನ್ನು ನದಿಗೆ ಬಿಟ್ಟು, ಕೆಳಗೆ ಕಾರ್ಗಲ್ಲಿನ ಒಡ್ಡಿನಲ್ಲಿ ತಡೆದು, ಕಾಲುವೆಯಲ್ಲಿ ಜೋಗದ ಅಂಚಿಗೆ ಒಯ್ಯುತ್ತಿದ್ದರು.

ಈ ಅಣೆಕಟ್ಟಿನ ವಿಶೇಷವೆಂದರೆ ಸೈಫನ್ನುಗಳು. ಮೈಸೂರಿನ ಎಂಜಿನಿಯರ್ ವಿ. ಗಣೇಶ ಅಯ್ಯರ್ ರೂಪಿಸಿದ ವಿಧಾನ ಅದು. ಹೆಚ್ಚಿನ ನೀರನ್ನು ಹೊರಬಿಡಲು ಸಾಮಾನ್ಯವಾಗಿ ಅಣೆಕಟ್ಟುಗಳಿಗೆ ಬಾಗಿಲುಗಳಿರುತ್ತವೆ, ಬಾಗಿಲು ಎತ್ತಲು ಜನ ಇರಬೇಕು. ಕಾಡಿನ ನಡುವೆ, ಜಡಿಮಳೆಯ ನಡುರಾತ್ರಿ, ದಾರಿ ಕಡಿದುಹೋದ ಹೊತ್ತಿನಲ್ಲಿ ಯಾರು ಎತ್ತಬೇಕು? ಗಣೇಶ ಅಯ್ಯರರ ಸೈಫನ್ನಿಗೆ ಯಾರೂ ಬೇಡ. ನೆಟ್ಟಗೆ ನಿಂತ ದೊಡ್ಡದೊಂದು ಕೊಳವೆ, ಅದರ ಬಾಯಿಗೆ ಆಲಿಕೆ, ಮೇಲೊಂದು ಗುಮ್ಮಟದ ಮುಚ್ಚಳ. ಆಲಿಕೆಯ ಒಳಮೈಯಲ್ಲಿ ಸುರುಳಿ ಸುರುಳಿಯಾದ ರೆಕ್ಕೆಗಳು. ನೀರು ಪೂರ್ಣ ಮಟ್ಟ ಮೀರಿ ಆಲಿಕೆಯ ಅಂಚು ದಾಟಿದರೆ ಆ ರೆಕ್ಕೆಗಳಿಂದಾಗಿ ಸುಳಿಯಂತೆ ತಿರುಗುತ್ತ ಇಳಿಯುತ್ತದೆ. ಸುಳಿ ಒಳಗಿನ ಗಾಳಿಯನ್ನು ಸೆಳೆದು ಹೊರದಬ್ಬುತ್ತದೆ, ಗಾಳಿ ಹೋದ ಕೂಡಲೇ ಕೊಳವೆ ತುಂಬಿ ಜಲಾಶಯದ ನೀರನ್ನು ತಾನಾಗಿ ಹೀರತೊಡಗುತ್ತದೆ. ಮಟ್ಟ ಇಳಿದು ಮುಚ್ಚಳದೊಳಗೆ ಮತ್ತೆ ಗಾಳಿ ನುಗ್ಗಿದಾಗ ತಾನೇ ನಿಲ್ಲುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ ಇದೇ ಬಗೆಯ ಸೈಫನ್ನುಗಳಿವೆ. ಅವನ್ನು ಯಾರು ಬೇಕಾದರೂ ನೋಡಬಹುದು. ಮಡೆನೂರಿನವು ಮಾತ್ರ ನದಿ ಕೊಟ್ಟಾಗ ಕಾಣುವಂಥವು.

ಏಕೆಂದರೆ ಹಿರೇಭಾಸ್ಕರದ ಆಯುಸ್ಸು ಹದಿನಾರೇ ವರ್ಷ. ರಾಜ್ಯದ ವಿದ್ಯುತ್ ಹಸಿವಿಗೆ 120 ಮೆಗಾವಾಟ್ ಎಲ್ಲಿಯೂ ಸಾಲಲಿಲ್ಲ. ನದಿಯ ಕೆಳಗಡೆ, ಲಿಂಗನಮಕ್ಕಿಯಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಹೊಸ ಕಟ್ಟೆ ಎದ್ದು 1964ರಲ್ಲಿ ನೀರು ನಿಂತಿತು. ಹಳೆಯ ಅಣೆಕಟ್ಟನ್ನು ಒಡೆಯುವ ಗೋಜಿಗೆ ಹೋಗದೆ ಹಾಗೆಯೇ ಮುಳುಗಲು ಬಿಟ್ಟರು. 151 ಟಿಎಂಸಿಯಷ್ಟು ನೀರು ಹಿಡಿಯುವ ಈ ಜಲಾಶಯವನ್ನು ನಂಬಿ ತಲಕಳಲೆಯ ಆಚೆಗಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್ ಉತ್ಪಾದಿಸತೊಡಗಿದವು. ಬಹಳ ವರ್ಷ ಕರ್ನಾಟಕದ ದೀಪಗಳು ಉರಿದದ್ದು ಮುಖ್ಯವಾಗಿ ಈ ನೀರಿನಿಂದಲೇ. 1980ರ ದಶಕದಲ್ಲಿ ಮಳೆ ಕೈಕೊಟ್ಟಾಗ ಬೆಂಗಳೂರಿನ ಕಾರ್ಖಾನೆಗಳಿಗೂ ಮನೆಗಳಿಗೂ ತಟ್ಟಿದ ವಿದ್ಯುತ್ ಕಡಿತ ಹಿರಿಯ ಓದುಗರಿಗೆ ನೆನಪಿರಬಹುದು. ಮಡೆನೂರು ಚೆನ್ನಾಗಿ ಕಾಣುವ ವರ್ಷ ನಾಡಿಗೆ ಒಳ್ಳೆಯ ವರ್ಷವಲ್ಲ. ನಡಿಗೆಗೆ ಹೊರಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಂಭ್ರಮಕ್ಕೊಂದು ಮಿತಿ ಇರುತ್ತದೆ.

ಇನ್ನು ದಾರಿಯ ವಿಷಯ. ಇಲ್ಲಿ ಒಂದು ನಕ್ಷೆ ಸಾಲದು, ಎರಡು ಬೇಕು. ಈಗಿನ ನಕ್ಷೆ ತೆರೆದರೆ ನೀಲಿ ಬಣ್ಣ ಬಿಟ್ಟು ಬೇರೇನೂ ಕಾಣದು. 1964ಕ್ಕಿಂತ ಹಿಂದಿನ ಸರ್ವೆ ನಕ್ಷೆಯಲ್ಲಿ ಅದೇ ನೀಲಿಯ ಜಾಗದಲ್ಲಿ ಊರುಗಳು, ಗದ್ದೆ ಬಯಲು, ಗಾಡಿರಸ್ತೆ, ಕೆರೆ, ದೇವಸ್ಥಾನಗಳ ಗುರುತು ಕಿಕ್ಕಿರಿದಿವೆ. ಒಣಗಿದ ತಳದಲ್ಲಿ ನಡೆಯಲು ಸಲೀಸಾದ ದಾರಿ ಯಾವುದು ಎಂದು ಹುಡುಕಿದರೆ ಅದು ಬಹುತೇಕ ಆ ಹಳೆಯ ಗಾಡಿರಸ್ತೆಯೇ ಆಗಿರುತ್ತದೆ. ಅದರ ಜಲ್ಲಿ ಗಟ್ಟಿ, ಕಾಲು ಹೂಳುವುದಿಲ್ಲ. ಅಲ್ಲಲ್ಲಿ ಮೋರಿ, ಕಿರುಸೇತುವೆಯ ಕಂಬಗಳು ನಿಂತಿವೆ. ರಸ್ತೆಯ ಪಕ್ಕದ ದಿಣ್ಣೆಯ ಮೇಲೆ ಚೌಕಾಕಾರದ ಕಲ್ಲಿನ ಸಾಲು ಕಂಡರೆ ಅದು ಮನೆಯ ಪಂಚಾಂಗ. ಅದರ ಮುಂದಿನ ಸಮತಟ್ಟು ಅಂಗಳ. ಒಂದೇ ಅಂತರದಲ್ಲಿ ಕೊರಡುಗಳ ಸಾಲು ಕಂಡರೆ ಅದು ಕಾಡಲ್ಲ, ಯಾರೋ ನೆಟ್ಟದ್ದು. ಇದನ್ನೆಲ್ಲ ಓದಲು ಬಾರದವನಿಗೆ ಅದು ಬರೀ ಕಲ್ಲು ಮಣ್ಣಿನ ಬಯಲು.

ಆದ್ದರಿಂದ ಈ ನಡಿಗೆಗೆ ಬೇಕಾದ ಮೊದಲ ಸಾಮಗ್ರಿ ಬೂಟಲ್ಲ, ದಿಕ್ಸೂಚಿಯಲ್ಲ. ಹಿನ್ನೀರಿನ ಅಂಚಿನ ಯಾವುದಾದರೂ ಊರಿನಲ್ಲಿ, ಮುಳುಗಡೆಗೆ ಮುಂಚೆ ಇಲ್ಲಿ ಓಡಾಡಿದ ಅಜ್ಜನನ್ನೋ ಅಜ್ಜಿಯನ್ನೋ ಹುಡುಕಿ ಮಾತಾಡಿಸಬೇಕು. ಅವರು ನಡೆದು ಬರಲಾರದಿದ್ದರೂ ದಾರಿ ಹೇಳಬಲ್ಲರು. 1964ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ.

ಅವರಿಂದ ದಾರಿಯ ಜೊತೆಗೆ ಬೇರೆ ಸಂಗತಿಗಳೂ ಸಿಗುತ್ತವೆ. ಸಾಗರ ಸೀಮೆಯ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರದ ವಿರುದ್ಧ ಸಿಡಿದೆದ್ದ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಹೋರಾಟ ಅದು. ಉಳುವವನೇ ಒಡೆಯ ಎಂಬ ಮಾತು ಕರ್ನಾಟಕದಲ್ಲಿ ಕಾನೂನಿನ ಬಲ ಪಡೆದದ್ದು 1974ರಲ್ಲಿ. ನೀರು ನಿಂತದ್ದು ಈ ಎರಡರ ನಡುವೆ. ಅಂದರೆ ಕೇಳಿದ್ದಾಗಿತ್ತು, ಕೈಗೆ ಬಂದಿರಲಿಲ್ಲ. ದಾಖಲೆಯಲ್ಲಿ ಹೆಸರಿದ್ದವರಿಗೆ ಭೂಮಿಯ ಪರಿಹಾರ, ದಾಖಲೆಯಿಲ್ಲದೆ ಉಳುತ್ತಿದ್ದವರ ಪಾಲಿಗೆ ಲಾರಿಯಲ್ಲೊಂದು ಜಾಗ. ಮನೆಯ ತೊಲೆ, ಹಂಚು, ದನಕರು ಹೇರಿಕೊಂಡು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿನಲ್ಲಿ ಇಳಿದವರು ಅಲ್ಲಿ ಕಾಡು ಕಡಿದು ಗದ್ದೆ ಮಾಡಿದರು. ಆ ಕಾಡು ಕಾಗದದಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ಪ್ರಶ್ನೆ ಮೂರನೆಯ ತಲೆಮಾರಿಗೂ ಇಳಿದು ಬಂದಿದೆ. ಇಂದಿಗೂ ಅದು ಪೂರ್ತಿ ಬಗೆಹರಿದಿಲ್ಲ. ಹಿರೇಭಾಸ್ಕರಕ್ಕಾಗಿ ಒಮ್ಮೆ ಎದ್ದು, ಲಿಂಗನಮಕ್ಕಿಗಾಗಿ ಮತ್ತೊಮ್ಮೆ ಎದ್ದ ಮನೆಗಳೂ ಇವೆ.

ಹೋಗದೆ ಉಳಿದವರ ಪಾಡು ಬೇರೆ. ಮೂರು ಕಡೆ ನೀರು ಸುತ್ತಿ ತುಮರಿ, ಕರೂರು ಭಾಗದ ಊರುಗಳು ದ್ವೀಪದಂತಾದವು. ಸಾಗರದ ಆಸ್ಪತ್ರೆಗೂ ಕಾಲೇಜಿಗೂ ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಅಂಬಾರಗೊಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ನೀರು ನಿಂತು ಅರವತ್ತೊಂದು ವರ್ಷದ ಮೇಲೆ. ಸಾಗರದಲ್ಲಿ ಬಾಳಿದ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತ ಈ ಎಲ್ಲವನ್ನೂ ಹತ್ತಿರದಿಂದ ಕಂಡ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಕಾದಂಬರಿಗಳಲ್ಲಿ ಇದನ್ನು ಬರೆದಿಟ್ಟು, 2025ರ ಜನವರಿಯಲ್ಲಿ ತೀರಿಕೊಂಡರು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರ ಅನೇಕರು ನೋಡಿರಬಹುದು. ಹೊರಡುವ ಮುನ್ನ ಕಾದಂಬರಿಯನ್ನೂ ಓದುವುದು ಒಳ್ಳೆಯದು. ನಕ್ಷೆಯಲ್ಲಿ ಸಿಗದ ಕೆಲವು ವಿವರ ಅದರಲ್ಲಿವೆ.

ಇಂತಹ ನಡಿಗೆ ನಮ್ಮಲ್ಲಿ ಮಾತ್ರ ಇದೆಯೆಂದಲ್ಲ. ಲಿಂಗನಮಕ್ಕಿಗಿಂತ ಒಂದು ವರ್ಷ ಮುಂಚೆ, 1963ರಲ್ಲಿ, ಅಮೆರಿಕದ ಅರಿಜೋನದಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ಕೊಲರಾಡೊ ನೀರು ನಿಲ್ಲತೊಡಗಿತು. ಹುಟ್ಟಿದ ಪೊವೆಲ್ ಸರೋವರ ತುಂಬಲು ಹದಿನೇಳು ವರ್ಷ ಹಿಡಿಯಿತು. ಈ ಶತಮಾನದ ಬರದಲ್ಲಿ ಅದು ಇಳಿಯುತ್ತ ಬಂದು, 2023ರ ಆರಂಭದಲ್ಲಿ ಪೂರ್ಣ ಮಟ್ಟವಾದ 3700 ಅಡಿಗಿಂತ ಸುಮಾರು 180 ಅಡಿ ಕೆಳಗಿತ್ತು. ಮುಳುಗಿದ್ದ ಮರಳುಗಲ್ಲಿನ ಪಕ್ಕದ ಕಣಿವೆಗಳು ಮತ್ತೆ ತೆರೆದವು. ಈಗ ಅಲ್ಲಿಗೆ ಒಂದು ದಿನದ ಚಾರಣ ಹೋಗುವವರು ನಮ್ಮ ಸಾಗರದವರಂತೆಯೇ ಮೊದಲು ನೋಡುವುದು ಅಂದಿನ ನೀರಿನ ಮಟ್ಟವನ್ನು, ಹೆದರುವುದು ಕಾಲಡಿಯ ಹೂಳಿಗೆ. ಮುಳುಗಿದ್ದರಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ. ಅಲ್ಲಿಯ ಮೂಲನಿವಾಸಿಗಳ ಪವಿತ್ರ ಸ್ಥಳಗಳೂ ಪ್ರಾಚೀನ ನೆಲೆಗಳೂ ನೀರಿಗೆ ಹೋದವು, ಆದರೆ ಕಣಿವೆಯ ಬಹುಪಾಲು ಜನವಸತಿಯಿಲ್ಲದ ಕಲ್ಲುಸೀಮೆ. ಇಲ್ಲಿ ಮುಳುಗಿದ್ದು ನಡುಮನೆ, ಕೊಟ್ಟಿಗೆ, ಅಡಿಕೆ ತೋಟ.

ಹೂಳಿನ ಮಾತು ಬಂದದ್ದರಿಂದ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳಿಬಿಡಬೇಕು. ನೀರಿನ ಅಂಚಿನಲ್ಲಿ ಮೇಲ್ಗಡೆ ಒಣಗಿ ಬಿರುಕು ಬಿಟ್ಟ ಮಣ್ಣು ಗಟ್ಟಿಯಾಗಿದೆಯೆಂದು ಕಂಡರೂ ಅದರಡಿ ಮೊಣಕಾಲು ಮುಳುಗುವ ಕೆಸರಿರಬಹುದು. ದನದ ಹೆಜ್ಜೆಯಿಲ್ಲದ ಕಡೆ ಕಾಲಿಡಬಾರದು. ನೆರಳು ಎಲ್ಲಿಯೂ ಇಲ್ಲ, ಕೆಂಪು ಕಲ್ಲು ಬಿಸಿಲನ್ನು ತಿರುಗಿ ಮುಖಕ್ಕೆ ಹೊಡೆಯುತ್ತದೆ. ಅಡಿಕೆ ಹಾಳೆಯ ಟೊಪ್ಪಿ ಪೇಟೆಯ ಟೊಪ್ಪಿಗಿಂತ ಮೇಲು. ಸುತ್ತ ನೀರು ಕಂಡರೂ ಅದು ಕುಡಿಯುವಂಥದಲ್ಲ, ಆಳಿಗೆ ಮೂರು ನಾಲ್ಕು ಲೀಟರ್ ಹೊತ್ತೊಯ್ಯಬೇಕು. ಬುತ್ತಿಯ ಜೊತೆ ಮಜ್ಜಿಗೆಯೋ ಮುರುಗಲು ಹುಳಿಯ ಪಾನಕವೋ ಇದ್ದರೆ ಒಳ್ಳೆಯದು. ಬೆಳಕು ಹರಿಯುವಾಗಲೇ ಇಳಿದು, ಹತ್ತು ಗಂಟೆಯೊಳಗೆ ಗುರಿ ಮುಟ್ಟದಿದ್ದರೆ ಅಲ್ಲಿಂದಲೇ ಹಿಂತಿರುಗಬೇಕು. ಮೇ ತಿಂಗಳ ಮಧ್ಯಾಹ್ನ ಕಾಡಿನಾಚೆ ಮೋಡ ಕಟ್ಟಿ ಸಿಡಿಲಿನೊಂದಿಗೆ ಮಳೆ ಬರುವುದು ಮಾಮೂಲು. ಆ ಬಟಾಬಯಲಿನಲ್ಲಿ ಅತಿ ಎತ್ತರದ ವಸ್ತುವೆಂದರೆ ನಡೆಯುವ ಮನುಷ್ಯನೇ. ಜಲಾಶಯದ ಒಂದು ಭಾಗ 1972ರಲ್ಲಿ ಘೋಷಿತವಾಗಿ 2019ರಲ್ಲಿ ವಿಸ್ತಾರಗೊಂಡ ವನ್ಯಧಾಮಕ್ಕೆ ಸೇರಿದೆ, ಕಟ್ಟೆಯ ಆಸುಪಾಸು ವಿದ್ಯುತ್ ನಿಗಮದ್ದು. ಕೇಳದೆ ನುಗ್ಗಬಾರದು, ಅನುಮತಿ ಸಿಗದಿದ್ದರೆ ವಾದಿಸಬಾರದು. ಹಳೆಯ ಅಣೆಕಟ್ಟಿನ ಮೇಲೆ ಓಡಾಡಲು ದಾರಿಯಿದ್ದರೂ ಸೈಫನ್ನುಗಳ ಬಾಯಿಗೆ ಬಗ್ಗಿ ನೋಡುವ ಹುಚ್ಚು ಬೇಡ. ಬಿದ್ದರೆ ಎತ್ತಲು ಸುತ್ತ ಯಾರೂ ಇರುವುದಿಲ್ಲ.

ಇನ್ನೊಂದು ಮಾತು. ತಳದಲ್ಲಿ ಹೆಂಚಿನ ಚೂರು, ಒರಳು, ಒಡೆದ ಮಡಕೆಯ ಕಂಠ ಸಿಗುತ್ತವೆ. ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಆಸೆ ಸಹಜ. ಆದರೆ ನೀರು ಇಳಿದ ವರ್ಷ ದೂರದ ತಾಲ್ಲೂಕುಗಳಿಂದ ಬಂದು ತಮ್ಮ ಮನೆಯ ಜಾಗ ಹುಡುಕುವವರು ಇನ್ನೂ ಇದ್ದಾರೆ. ಅವರು ಜಾಗ ಗುರುತು ಹಿಡಿಯುವುದು ಇಂತಹ ವಸ್ತುಗಳಿಂದಲೇ. ಒರಳು ಅಲ್ಲಿದ್ದರೆ ಅಡಿಗೆಮನೆ ಇಲ್ಲಿ, ಬಚ್ಚಲು ಆಚೆ, ಬಾವಿ ಅದರ ಹಿಂದೆ ಎಂದು ಅವರು ಮಕ್ಕಳಿಗೆ ತೋರಿಸುತ್ತಾರೆ. ಒರಳು ಹೋದರೆ ಮನೆ ತಪ್ಪಿಹೋಗುತ್ತದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನೀರು ಏರುವುದು ಇಳಿದದ್ದಕ್ಕಿಂತ ಬೇಗ. ಮೊದಲು ತಗ್ಗಿನ ಗದ್ದೆಬಯಲು ಹೋಗುತ್ತದೆ, ಆಮೇಲೆ ಗಾಡಿರಸ್ತೆಯ ಮೋರಿಗಳು, ಆಮೇಲೆ ದಿಣ್ಣೆಯ ಪಂಚಾಂಗಗಳು. ಮಡೆನೂರಿನ ಗೋಡೆಯ ಮೇಲಂಚು ಇನ್ನೂ ಕೆಲವು ದಿನ ನೀರಿನ ಮೇಲೆ ಒಂದು ಗೆರೆಯಾಗಿ ಕಾಣುತ್ತದೆ. ಅದು ಮುಳುಗಿದ ದಿನದ ಅಂಕಿ ಮರುದಿನದ ಪತ್ರಿಕೆಯಲ್ಲಿ ಅಡಿಕೆ ಧಾರಣೆಯ ಪಕ್ಕ ಅಚ್ಚಾಗಿರುತ್ತದೆ.